ಕಣ್ಣಲ್ಲಿ ಉಳಿದ ಹಾಡು

ಮ್ಯೂಸಿಕ್ ವಿಡಿಯೊ ಬೆಳೆದದ್ದು ವ್ಯಾಪಾರದ ನೆರಳಲ್ಲಿ. ರೆಕಾರ್ಡು ಮಾರಾಟವಾಗಬೇಕು, ಗಾಯಕ ಎಲ್ಲ ಊರಿಗೂ ಹೋಗಲಾರ, ಅವನ ಬದಲು ನಾಲ್ಕು ನಿಮಿಷದ ಚಿತ್ರ ಹೋಗಲಿ ಎಂಬ ಲೆಕ್ಕಾಚಾರ ಅದು. 1981ರಲ್ಲಿ ಎಂಟಿವಿ ಎಂಬ ಸಂಗೀತ ವಾಹಿನಿ ಶುರುವಾದ ಮೇಲೆ ಆ ಲೆಕ್ಕಾಚಾರವೇ ಒಂದು ಉದ್ಯಮವಾಯಿತು. ಈಗ ಆ ರೆಕಾರ್ಡು, ಕ್ಯಾಸೆಟ್ಟು, ಸಿ.ಡಿ.ಗಳೆಲ್ಲ ಅಟ್ಟ ಸೇರಿವೆ. ಅವನ್ನು ಮಾರಲೆಂದು ಮಾಡಿದ ಕೆಲವು ದೃಶ್ಯಗಳು ಮಾತ್ರ ನಮ್ಮೊಳಗೆ ಹಾಗೆಯೇ ಉಳಿದುಬಿಟ್ಟಿವೆ. ಸರಕು ಹೋಗಿ ಜಾಹೀರಾತು ಉಳಿದಿದೆಯೆಂದರೆ, ಅದರಲ್ಲಿ ಜಾಹೀರಾತಿಗಿಂತ ಹೆಚ್ಚಿನದೇನೋ ಇದ್ದಿರಲೇಬೇಕಲ್ಲವೆ?

ನನ್ನನ್ನು ಬಹುಕಾಲ ಕಾಡಿದ್ದು ಅಮೆರಿಕದ ಗಾಯಕ ಜಾನಿ ಕ್ಯಾಶ್ ಹಾಡಿದ 'ಹರ್ಟ್'. ಆ ಹಾಡನ್ನು ಬರೆದವನು ಟ್ರೆಂಟ್ ರೆಜ್ನರ್, ಆಗಿನ್ನೂ ಮೂವತ್ತು ತುಂಬದ ಯುವಕ. ಅವನ ಹಾಡಿನಲ್ಲಿದ್ದದ್ದು ಯೌವನದ ಆತ್ಮಹಿಂಸೆ. ಅದೇ ಪದಗಳು ಎಪ್ಪತ್ತು ದಾಟಿ ಕಾಯಿಲೆಯಿಂದ ಕುಗ್ಗಿದ್ದ ಕ್ಯಾಶ್‌ನ ಬಾಯಿಗೆ ಬಂದಾಗ ಇಡೀ ಬದುಕಿನ ಲೆಕ್ಕ ಒಪ್ಪಿಸುವಂತೆ ಕೇಳಿದವು. 2003ರಲ್ಲಿ ನಿರ್ದೇಶಕ ಮಾರ್ಕ್ ರೊಮನೆಕ್ ಟೆನೆಸಿಯಲ್ಲಿದ್ದ ಕ್ಯಾಶ್‌ನ ಮನೆಗೇ ಕ್ಯಾಮೆರಾ ಒಯ್ದ. ಅವನ ಹೆಸರಿನ ವಸ್ತುಸಂಗ್ರಹಾಲಯ ಆಗಲೇ ಮುಚ್ಚಿ, ಪಾಳು ಬಿದ್ದಿತ್ತು. ಅದನ್ನು ಗುಡಿಸಿ, ಬಣ್ಣ ಬಳಿದು ಚಂದ ಮಾಡಬಹುದಿತ್ತು. ರೊಮನೆಕ್ ಅದನ್ನು ಇದ್ದಂತೆಯೇ ತೋರಿಸಿದ.

ಆ ವಿಡಿಯೊದಲ್ಲಿ ಒಂದು ದೃಶ್ಯವಿದೆ. ಮೇಜಿನ ತುಂಬ ಮೃಷ್ಟಾನ್ನ. ಮುದುಕ ದ್ರಾಕ್ಷಾರಸದ ಬಟ್ಟಲನ್ನು ಎತ್ತಿ, ಕುಡಿಯದೆ, ಆ ಊಟದ ಮೇಲೆಯೇ ಸುರಿಯುತ್ತಾನೆ. ಕೈ ನಡುಗುತ್ತದೆ. ಆ ನಡುಕವನ್ನು ಯಾವ ನಟನಿಗೆ ಕಲಿಸಲಾದೀತು? ಇನ್ನೊಂದೆಡೆ ಹೆಂಡತಿ ಜೂನ್ ಹಿಂದೆ ಮೆಟ್ಟಿಲ ಮೇಲೆ ನಿಂತು ಗಂಡನನ್ನು ನೋಡುತ್ತಾಳೆ. ಅವಳು ಏನೂ ಮಾಡುವುದಿಲ್ಲ, ಬರೀ ನೋಡುತ್ತಾಳೆ. ಒಂದು ದಾಂಪತ್ಯದ ಪ್ರೀತಿ, ಅಂಜಿಕೆ, ಆಗಲೇ ಶುರುವಾಗಿರುವ ಅಗಲಿಕೆ ಎಲ್ಲವೂ ಆ ನೋಟದಲ್ಲಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಜೂನ್ ತೀರಿಕೊಂಡಳು, ಸೆಪ್ಟೆಂಬರ್‌ನಲ್ಲಿ ಕ್ಯಾಶ್ ಹೋದ. ವಿಡಿಯೊ ನೋಡಿದ ರೆಜ್ನರ್, ಈ ಹಾಡು ಇನ್ನು ತನ್ನದಲ್ಲ ಅನಿಸಿತೆಂದು ಹೇಳಿಕೊಂಡ. ತಾನು ಬರೆದದ್ದನ್ನು ಇನ್ನೊಬ್ಬನಿಗೆ ಹೀಗೆ ಮನಸಾರೆ ಬಿಟ್ಟುಕೊಡುವುದು ಸಣ್ಣ ಮಾತೇ?

ನಾವು ಸಾಮಾನ್ಯವಾಗಿ ನೆನಪಿಗೂ ವೈಭವಕ್ಕೂ ನಂಟು ಹಾಕುತ್ತೇವೆ. ಬೆಟ್ಟ, ಕಡಲು, ನೂರು ಜನರ ಕುಣಿತ ಇದ್ದರೆ ದೃಶ್ಯ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳುತ್ತೇವೆ. ಆದರೆ 1990ರಲ್ಲಿ ಶಿನೇಡ್ ಓಕಾನರ್ ಹಾಡಿದ, ಪ್ರಿನ್ಸ್ ಬರೆದ 'ನಥಿಂಗ್ ಕಂಪೇರ್ಸ್ ಟು ಯು'ದಲ್ಲಿ ಬಹುಪಾಲು ಇರುವುದು ಕಪ್ಪು ಹಿನ್ನೆಲೆ ಮತ್ತು ಒಂದು ಮುಖ. ಕೂದಲಿಲ್ಲದ ತಲೆ, ನೇರ ದೃಷ್ಟಿ. ಪ್ಯಾರಿಸ್ ಬಳಿಯ ಉದ್ಯಾನವೊಂದರಲ್ಲಿ ನಡೆದಾಡುವ ದೃಶ್ಯಗಳನ್ನೂ ಸೆರೆಹಿಡಿದಿದ್ದರು, ಆದರೆ ಗೆದ್ದದ್ದು ಮುಖ. ಹಾಡಿನ ಕೊನೆಯ ಭಾಗದಲ್ಲಿ ಅಮ್ಮನ ಪ್ರಸ್ತಾಪ ಬರುವಾಗ ಆಕೆಯ ಕಣ್ಣು ತುಂಬಿ ಹರಿಯುತ್ತದೆ. ಅದು ಯೋಜನೆಯಲ್ಲಿರಲಿಲ್ಲ. 1985ರಲ್ಲಿ ಅಪಘಾತದಲ್ಲಿ ತೀರಿಕೊಂಡ ತಾಯಿಯ ನೆನಪು ಆ ಗಳಿಗೆಯಲ್ಲಿ ಉಕ್ಕಿತ್ತು. ನಿರ್ದೇಶಕ ಜಾನ್ ಮೇಬರಿ ಆ ಕಣ್ಣೀರನ್ನು ಕತ್ತರಿಸಿ ಎಸೆಯಲಿಲ್ಲ. ಮುಖದಿಂದ ಕಣ್ಣು ತೆಗೆಯದೆ ಕಾಯುವ ಆ ತಾಳ್ಮೆಯೇ ದೊಡ್ಡ ಕಲೆ ಎಂದು ನನಗೆ ತೋರುತ್ತದೆ.

ಹಾಗಾದರೆ ಉಳಿಯುವುದು ದುಃಖ ಮಾತ್ರವೇ? ಅಲ್ಲ. ನಾರ್ವೆಯ ಆ-ಹಾ ತಂಡದ 'ಟೇಕ್ ಆನ್ ಮಿ' ಬರೀ ಉಲ್ಲಾಸ. ಹೋಟೆಲಿನಲ್ಲಿ ಕೂತ ಹುಡುಗಿಯ ಮುಂದಿನ ಚಿತ್ರಕಥೆಯ ಪುಸ್ತಕದಿಂದ ಪೆನ್ಸಿಲ್ ಗೆರೆಯ ಕೈಯೊಂದು ಹೊರಚಾಚಿ ಅವಳನ್ನು ಕರೆಯುತ್ತದೆ. ಈ ಹಾಡಿಗೆ ಮೊದಲು ತಂಡ ಹಾಡುತ್ತ ನಿಲ್ಲುವ ಸಾದಾ ವಿಡಿಯೊ ಮಾಡಿದ್ದರು, ಯಾರೂ ಮೂಸಿ ನೋಡಲಿಲ್ಲ. 1985ರ ಈ ಎರಡನೆಯದಕ್ಕಾಗಿ ಸುಮಾರು 3,000 ಫ್ರೇಮುಗಳನ್ನು ಒಂದೊಂದಾಗಿ ಕೈಯಲ್ಲಿ ಬಿಡಿಸಿದರು. ಆ ಗೆರೆಗಳು ಇವತ್ತಿಗೂ ಸಣ್ಣಗೆ ಕಂಪಿಸುತ್ತವೆ, ಏಕೆಂದರೆ ಮನುಷ್ಯನ ಕೈ ಒಂದೇ ಗೆರೆಯನ್ನು ಎರಡು ಬಾರಿ ಒಂದೇ ತರಹ ಎಳೆಯಲಾರದು. ಕ್ಯಾಶ್‌ನ ನಡುಗುವ ಕೈಗೂ ಈ ಕಂಪಿಸುವ ಗೆರೆಗೂ ಏನೋ ಸಂಬಂಧವಿದೆ. ಎರಡರಲ್ಲೂ ಒಂದು ಜೀವ ತನ್ನ ಹೊತ್ತನ್ನು ವೆಚ್ಚ ಮಾಡಿದೆ, ಆ ವೆಚ್ಚ ನಮಗೆ ಕಾಣುತ್ತಿದೆ.

ನಮ್ಮ ದೇಶದ್ದೇ ಬೇಕೆಂದರೆ 'ಮಿಲೇ ಸುರ್ ಮೇರಾ ತುಮ್ಹಾರಾ' ಇದೆಯಲ್ಲ. ದೇಶದ ಏಕತೆಯನ್ನು ಸಾರಲೆಂದು 1988ರ ಸ್ವಾತಂತ್ರ್ಯ ದಿನದಂದು ದೂರದರ್ಶನದಲ್ಲಿ ಬಂದದ್ದು. ಗದಗ ಸೀಮೆಯ ಭೀಮಸೇನ ಜೋಶಿಯವರು ಭೈರವಿಯಲ್ಲಿ ಅದನ್ನು ಎತ್ತಿಕೊಂಡ ಗಳಿಗೆಗೇ ಉಳಿದದ್ದೆಲ್ಲ ಋಣಿ. ಆನೆಯ ಮೇಲಿನ ಮಾವುತ, ಕಲ್ಕತ್ತೆಯ ಮೆಟ್ರೊದ ಜನ, ಹೀಗೆ ಮುಖಗಳು ಬಂದು ಹೋಗುತ್ತವೆ. ಏಕತೆಯ ಭಾಷಣಗಳನ್ನು ನಾವು ಎಂದೋ ಮರೆತೆವು. ಆ ಮುಖಗಳನ್ನು ಮರೆತಿಲ್ಲ.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ನಮ್ಮ ಹುಡುಗರು ಹುಬ್ಬಳ್ಳಿಯಲ್ಲೂ ಮಂಡ್ಯದಲ್ಲೂ ತಮ್ಮ ಹಾಡಿಗೆ ತಾವೇ ಚಿತ್ರ ತೆಗೆಯುತ್ತಿದ್ದಾರೆ, ಅದು ನಿಜಕ್ಕೂ ಸಂತೋಷ. ಆದರೆ ಕ್ಷಣಕ್ಕೊಂದು ಕಟ್ ಬಂದರೆ ನೋಡುವವನ ಕಣ್ಣು ಕೂರುವುದೆಲ್ಲಿ? ನಮಗೇ ಬೇಸರವಾದೀತೆಂದು ಹೆದರಿ ಓಡುವ ಚಿತ್ರವನ್ನು ನಾವು ಪ್ರೀತಿಸುವುದಾದರೂ ಹೇಗೆ?

ನಿಮ್ಮ ಮನೆಯಲ್ಲಿ ಸೋಬಾನೆಯನ್ನೋ ಬೀಸುವ ಪದವನ್ನೋ ಹಾಡುವ ಅಜ್ಜಿ ಇದ್ದರೆ, ಈ ಭಾನುವಾರವೇ ಅವರ ಎದುರು ಕೂತುಕೊಳ್ಳಿ. ಮುಖ ಮತ್ತು ಕೈ ಎರಡೂ ಕಾಣುವಂತೆ ಫೋನನ್ನು ಅಲುಗದ ಹಾಗೆ ಇಡಿ. ಹಿನ್ನೆಲೆ ಸಂಗೀತ ಸೇರಿಸಬೇಡಿ. ಹಾಡು ಮುಗಿಯಿತೆಂದು ತಕ್ಷಣ ಗುಂಡಿ ಒತ್ತಬೇಡಿ. ಅವರು ಇನ್ನೇನು ಹೇಳುತ್ತಾರೋ ಕೇಳಿಸಿಕೊಳ್ಳಿ.