ರಿಯಾಯಿತಿ ಚೀಟಿಯೂ ಪರಿಮಾಣ ವ್ರತವೂ

ಶ್ರಾವಕನು ವ್ರತವನ್ನು ಬಸದಿಯಲ್ಲಿ ಸ್ವೀಕರಿಸುತ್ತಾನೆ. ಆ ವ್ರತದ ಪರೀಕ್ಷೆ ಮಾತ್ರ ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ನಡೆಯುತ್ತದೆ. ವೀತರಾಗ ಬಿಂಬದ ಎದುರಿಗೆ ಕೈಮುಗಿದು ನಿಂತವನ ಮನಸ್ಸಿನಲ್ಲಿ ಲೋಭವು ಸ್ವಲ್ಪ ಹೊತ್ತಾದರೂ ಅಡಗಿರುತ್ತದೆ. ಅದೇ ಮನುಷ್ಯನು ಕೈಚೀಲ ಹಿಡಿದು ದಿನಸಿ ಅಂಗಡಿಯ ಮೆಟ್ಟಿಲೇರಿ, “ಎರಡು ಕೊಂಡರೆ ಒಂದು ಉಚಿತ” ಎಂಬ ಫಲಕವನ್ನು ಕಂಡಾಗ ಆ ಶಾಂತಿ ಎಷ್ಟು ಹೊತ್ತು ಉಳಿಯುವುದೆಂಬುದು ವಿಚಾರಾರ್ಹವಾಗಿದೆ.

ಭಾದ್ರಪದ ಮಾಸ ಸಮೀಪಿಸಿತೆಂದರೆ ಕೊಳ್ಳೇಗಾಲದ ಅಂಗಡಿಬೀದಿಗಳಲ್ಲಿ ಗೌರಿ-ಗಣೇಶ ಹಬ್ಬದ ರಿಯಾಯಿತಿಗಳು ಮೊದಲಾಗುತ್ತವೆ. ಯಳಂದೂರು, ಹನೂರುಗಳಿಂದಲೂ ಜನರು ಸಾಮಾನು ಕೊಳ್ಳಲು ಬರುತ್ತಾರೆ. ಪತ್ರಿಕೆಯಲ್ಲಿ ಅಚ್ಚಾದ ಕೂಪನ್ನು, ಬಿಲ್ಲಿನ ಹಿಂಬದಿಯ ಚೀಟಿ, ಮೊಬೈಲಿನ ಪರದೆಯನ್ನು ಕೆರೆದು ನೋಡುವ ಬಹುಮಾನ, ಹೀಗೆ ಅವುಗಳ ರೂಪಗಳು ಹಲವು. ಚೌತಿಯ ಬೆನ್ನಿಗೇ ಶುಕ್ಲ ಪಂಚಮಿಯಂದು ದಶಲಕ್ಷಣ ಪರ್ವವೂ ಆರಂಭವಾಗುತ್ತದೆ. ಆ ಹತ್ತು ಧರ್ಮಗಳಲ್ಲಿ ನಾಲ್ಕನೆಯದು ಉತ್ತಮ ಶೌಚ. ಆತ್ಮಕ್ಕೆ ಅಂಟಿದ ಲೋಭದ ಮಲವನ್ನು ತೊಳೆಯುವುದೇ ಅದರ ಅರ್ಥ. ಹೀಗೆ ಲೋಭವನ್ನು ಕೆಣಕುವ ದಿನಗಳೂ ಅದನ್ನು ತೊಳೆಯುವ ದಿನಗಳೂ ಪ್ರತಿವರ್ಷ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಆದುದರಿಂದ ರಿಯಾಯಿತಿ ಚೀಟಿಯನ್ನು ಬಳಸುವುದು ಶ್ರಾವಕನಿಗೆ ಯುಕ್ತವೇ, ಯುಕ್ತವಾದರೆ ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವಂಥದಲ್ಲ.

ಈ ಚೀಟಿಯ ಹುಟ್ಟನ್ನು ಮೊದಲು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಪಾನೀಯ ಮತ್ತು ಆಹಾರ ಪದಾರ್ಥಗಳ ತಯಾರಕರು ತಮ್ಮ ಹೊಸ ಸರಕನ್ನು ಜನರಿಗೆ ರೂಢಿ ಮಾಡಿಸುವುದಕ್ಕಾಗಿ ಇದನ್ನು ಪ್ರಚಾರಕ್ಕೆ ತಂದರು. ಕೊಳ್ಳುವವನಿಗೆ ಇಲ್ಲದ ಅಭ್ಯಾಸವನ್ನು ಹುಟ್ಟಿಸುವುದು ಅದರ ಉದ್ದೇಶವಾಗಿತ್ತು. ಆತನಿಗಾಗುವ ಉಳಿತಾಯ ಆ ಉದ್ದೇಶದ ಸಾಧನವಷ್ಟೆ. ಅದೇ ದೇಶದಲ್ಲಿ 2010ರಿಂದ 2012ರವರೆಗೆ ಕೂಪನ್ನುಗಳ ಅತಿರೇಕವನ್ನೇ ವಿಷಯವಾಗಿಟ್ಟುಕೊಂಡ ದೂರದರ್ಶನ ಮಾಲಿಕೆಯೊಂದು ಪ್ರಸಾರವಾಯಿತು. ಚೀಟಿಗಳನ್ನು ಕತ್ತರಿಸಿ ಕೂಡಿಸಿ, ಅಲ್ಪ ಬೆಲೆಗೆ ನೂರಾರು ಪೊಟ್ಟಣಗಳನ್ನು ತಂದು, ಮನೆಯ ಕೋಣೆಗಳನ್ನೇ ಉಗ್ರಾಣ ಮಾಡಿಕೊಂಡವರನ್ನು ಅದು ತೋರಿಸಿತು. ಅವರು ಬೆಲೆ ಕಡಿಮೆ ಕೊಟ್ಟರೆಂಬುದು ದಿಟ. ಆದರೆ ಒಂದು ಸಂಸಾರ ವರ್ಷಗಟ್ಟಲೆ ಬಳಸಿದರೂ ತೀರದ ಸಾಬೂನಿನ ರಾಶಿಯನ್ನು ಕಾಯುವವನಿಗೆ ದೊರೆತದ್ದು ಉಳಿತಾಯವೇ, ಕಾವಲುಗಾರಿಕೆಯೇ?

ಇದಕ್ಕೆ ಉತ್ತರ ಶ್ರಾವಕಾಚಾರ ಗ್ರಂಥಗಳಲ್ಲಿ ಸ್ಪಷ್ಟವಾಗಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹೆಸರಿಸದೆ ಮೂರ್ಛೆಯನ್ನು, ಎಂದರೆ ಮಮತ್ವವನ್ನು ಹೆಸರಿಸಿದ್ದಾರೆ. ಬೇಳೆಯ ಚೀಲ ತಾನೇ ಪರಿಗ್ರಹವಲ್ಲ. ಅದನ್ನು ಕಂಡು “ಇದೂ ಇರಲಿ” ಎಂದು ಮನಸ್ಸು ಕೈಚಾಚುವುದು ಪರಿಗ್ರಹ. ಅನರ್ಥದಂಡ ವಿರತಿಯ ಅತಿಚಾರಗಳನ್ನು ಎಣಿಸುವಾಗ ಅಗತ್ಯಕ್ಕಿಂತ ಹೆಚ್ಚಾಗಿ ಭೋಗೋಪಭೋಗದ ವಸ್ತುಗಳನ್ನು ಕೂಡಿಹಾಕುವುದನ್ನೂ ಅವರು ಒಂದೆಂದು ಎಣಿಸಿದ್ದಾರೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣಕ್ಕೆ ಹೇಳಿದ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಮುಂದೆ ಲಾಭ ಬರುವುದೆಂದು ಧಾನ್ಯವನ್ನು ಮಿತಿಮೀರಿ ಕೂಡಿಡುವುದು ಅತಿಸಂಗ್ರಹ. ಕೈತಪ್ಪಿದ ಲಾಭವನ್ನು ನೆನೆದು ಬೆರಗಾಗಿ ಕೊರಗುವುದು ವಿಸ್ಮಯ. ತಕ್ಕ ಲಾಭ ಬಂದರೂ ಇನ್ನಷ್ಟನ್ನು ಬಯಸುವುದು ಲೋಭ.

ವ್ಯಾಖ್ಯಾನಕಾರರು ಇವನ್ನು ವರ್ತಕನ ದೃಷ್ಟಾಂತದಿಂದ ವಿವರಿಸಿದ್ದಾರೆ. ಇಂದು ಅವು ಕೊಳ್ಳುವವನಿಗೂ ಅಷ್ಟೇ ಸಲ್ಲುತ್ತವೆ. ನಾಳೆ ಈ ಬೆಲೆಗೆ ಸಿಕ್ಕದೆಂದು ನಾಲ್ಕು ತಿಂಗಳ ರವೆಯನ್ನು ತರುವ ಗೃಹಿಣಿಯಲ್ಲಿ ಅತಿಸಂಗ್ರಹವಿದೆ. ನೆರೆಮನೆಯಾಕೆ ಅದೇ ಎಣ್ಣೆಯನ್ನು ಇಪ್ಪತ್ತು ರೂಪಾಯಿ ಕಡಿಮೆಗೆ ತಂದಳೆಂದು ಕೇಳಿ ಅಂದು ಅನ್ನ ರುಚಿಸದಿದ್ದರೆ ಅದು ವಿಸ್ಮಯ. ಆ ಇಪ್ಪತ್ತು ರೂಪಾಯಿಗಾಗಿ ಸಾಮಾಯಿಕದ ಹೊತ್ತನ್ನು ಚೀಟಿ ಹುಡುಕುವುದರಲ್ಲಿ ಕಳೆದರೆ ನಷ್ಟವನ್ನು ಯಾವ ಬಿಲ್ಲೂ ತೋರಿಸದು.

ಲೆಕ್ಕವನ್ನಾದರೂ ನೇರವಾಗಿ ನೋಡಬೇಕು. ಯಳಂದೂರಿನ ಒಂದು ಮನೆಯ ತಿಂಗಳ ಪಟ್ಟಿ 720 ರೂಪಾಯಿಯದೆಂದು ಊಹಿಸಬಹುದು. ಸಾವಿರ ರೂಪಾಯಿಗೆ ಕೊಂಡವರಿಗೆ 100 ರೂಪಾಯಿ ಕಡಿತವೆಂದು ಚೀಟಿ ಹೇಳುತ್ತದೆ. ಅದನ್ನು ಬಿಡಲಾರದೆ ಮನೆಯವರು 290 ರೂಪಾಯಿಯ ಬೇರೆ ಸಾಮಾನನ್ನು ಸೇರಿಸುತ್ತಾರೆ. ಮೊತ್ತ 1010, ಕಡಿತ ಕಳೆದು ತೆತ್ತದ್ದು 910. ನೂರು ಉಳಿಯಿತೆಂದು ಚೀಟಿ ಸಾರುತ್ತದೆ. 190 ಹೆಚ್ಚಾಗಿ ಹೋಯಿತೆಂದು ಹಣದ ಚೀಲ ಹೇಳುತ್ತದೆ. ಸೇರಿಸಿದ ಸಾಮಾನು ಉಪ್ಪು, ಬಟ್ಟೆ ಸಾಬೂನುಗಳಂತೆ ಕೆಡದ ವಸ್ತುವಾಗಿದ್ದು, ಮುಂದಿನ ತಿಂಗಳ ಪಟ್ಟಿಯಲ್ಲಿ ಹೇಗೂ ಬರುವಂಥದಾದರೆ ಅದು ನಿಜವಾದ ಉಳಿತಾಯವೇ. ಪಟ್ಟಿಯಲ್ಲಿ ಎಂದೂ ಇಲ್ಲದ ವಸ್ತುವಾದರೆ ಅದು ಉಳಿತಾಯದ ವೇಷ ತೊಟ್ಟ ವೆಚ್ಚ.

ಹಣಕ್ಕಿಂತ ಗುರುತರವಾದದ್ದು ಹಿಂಸೆಯ ಮಾತು. ರಿಯಾಯಿತಿಯ ಆಸೆಯಿಂದ ತಂದು ತುಂಬಿದ ಬೇಳೆ, ರವೆ, ಕಡಲೆಹಿಟ್ಟುಗಳಿಗೆ ಮಳೆಗಾಲದ ತೇವ ತಗುಲಿದರೆ ಹುಳು ಹಿಡಿಯುತ್ತದೆ. ಆಗ ಗೃಹಿಣಿ ಏನು ಮಾಡಬೇಕು? ಬಿಸಿಲಿಗೆ ಹರಡಿದರೆ ಜೀವಗಳು ಸಾಯುತ್ತವೆ. ಕುಟ್ಟಿ ಬೀಸಿದರೆ ಸಾಯುತ್ತವೆ. ತಿಪ್ಪೆಗೆ ಚೆಲ್ಲಿದರೆ ಅನ್ನವೂ ವ್ಯರ್ಥ, ಜೀವಗಳೂ ವ್ಯರ್ಥ. ಹುಳು ಹುಟ್ಟಿದ ಮೇಲೆ ಯಾವ ದಾರಿಯೂ ಶುದ್ಧವಲ್ಲ. ಶುದ್ಧವಾಗಿದ್ದ ದಾರಿ ಕೊಳ್ಳುವ ಮುಂಚೆ ಇತ್ತು. ಈ ಕಾರಣದಿಂದಲೇ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಮರ್ಯಾದೆಯನ್ನು ಹಿರಿಯರು ಪಾಲಿಸಿಕೊಂಡು ಬಂದರು. ಐದು ಕಿಲೋ ಹಿಟ್ಟಿಗೆ ಒಂದು ಕಿಲೋ ಉಚಿತವೆನ್ನುವ ಚೀಲವು ಮೂರು ದಿನಗಳಲ್ಲಿ ತೀರದೆಂಬುದನ್ನು ಮಗುವೂ ಬಲ್ಲದು.

ಹಾಗಾದರೆ ಹಿಂದಿನವರು ವರ್ಷದ ಧಾನ್ಯವನ್ನು ಕಣಜದಲ್ಲಿಯೂ ಹಗೇವಿನಲ್ಲಿಯೂ ಕೂಡಿಡುತ್ತಿರಲಿಲ್ಲವೇ ಎಂದು ಕೇಳಬಹುದು. ಇಡುತ್ತಿದ್ದರು. ಆದರೆ ಹಗೇವಿಗೆ ಇಳಿಯುತ್ತಿದ್ದುದು ವರ್ಷಗಟ್ಟಲೆ ಹುಳು ಬೀಳದೆ ಉಳಿಯುವ ರಾಗಿ. ತೊಗರಿಗೆ ಕೆಮ್ಮಣ್ಣು ಬಳಿದು ಒಣಗಿಸಿ ಇಡುತ್ತಿದ್ದರು. ಮನೆಮಂದಿಯ ಲೆಕ್ಕ, ಬೆಳೆ ಬಾರದ ವರ್ಷದ ಲೆಕ್ಕ, ವಸ್ತುವಿನ ಸ್ವಭಾವ, ಈ ಮೂರನ್ನೂ ನೋಡಿ ಅವರು ಅಳತೆ ಮಾಡುತ್ತಿದ್ದರು. ಇಂದಿನ ಸಂಗ್ರಹಕ್ಕೆ ಅಳತೆ ಕೊಡುತ್ತಿರುವವನು ಮಾರುವವನು. ಭೇದವಿರುವುದು ಇಲ್ಲಿ.

ಉಚಿತವೆಂಬ ಬಾಗಿಲಿನಿಂದ ಅಭಕ್ಷ್ಯವೂ ಒಳಗೆ ಬರುತ್ತದೆ. ಧಾನ್ಯದ ಪೊಟ್ಟಣದೊಡನೆ ಒಂದು ಸಣ್ಣ ಜೇನಿನ ಸೀಸೆ ಉಚಿತವಾಗಿ ಸಿಕ್ಕಿತೆಂದು ಎಣಿಸಬಹುದು. ಮಧುತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದ್ದು. ದುಡ್ಡು ಕೊಟ್ಟು ಜೇನನ್ನು ಎಂದೂ ತಾರದ ಮನೆಗೆ ಅದು ದುಡ್ಡಿಲ್ಲದೆ ಬಂತು. “ನಾವು ತಿನ್ನುವುದಿಲ್ಲ, ಕೆಲಸದವಳಿಗೆ ಕೊಟ್ಟರಾಯಿತು” ಎಂಬ ಸಮಾಧಾನ ಸುಲಭ. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಲ್ಲಿಯೂ ದೋಷ ತಗಲುವುದೆಂದು ತಿಳಿದವನು, ತಾನು ಉಣ್ಣದ್ದನ್ನು ಇನ್ನೊಬ್ಬರಿಗೆ ಉಣಿಸಿದರೆ ಶುದ್ಧನಾದೆನೆಂದು ಹೇಗೆ ಎಣಿಸಿಯಾನು? ಈರುಳ್ಳಿ, ಬೆಳ್ಳುಳ್ಳಿಗಳ ಪುಡಿ ಬೆರೆತ ಕುರುಕಲು ತಿಂಡಿಯ ಪೊಟ್ಟಣಗಳೂ ಹೀಗೆಯೇ ಮಕ್ಕಳ ಕೈಗೆ ಬರುತ್ತವೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಶ್ರಮ ಉಚಿತ ವಸ್ತುವಿಗೂ ಸಲ್ಲಬೇಕು. ಬೇಡವಾದದ್ದನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನೊಂದು ಅಪಾಯ ಸತ್ಯಕ್ಕೆ ಸಂಬಂಧಪಟ್ಟದ್ದು. “ಒಂದು ಕುಟುಂಬಕ್ಕೆ ಎರಡೇ ಪೊಟ್ಟಣ” ಎಂದು ಅಂಗಡಿಯವನು ಬರೆದು ಹಾಕಿರುತ್ತಾನೆ. ತಂದೆ ಎರಡನ್ನು ಪಡೆದು ಹೊರಬಂದು, ಮಗನ ಕೈಗೆ ದುಡ್ಡು ಕೊಟ್ಟು, “ನಾನು ಯಾರೆಂದು ಕೇಳಿದರೆ ಗೊತ್ತಿಲ್ಲವೆನ್ನು” ಎಂದು ಕಳುಹಿಸುತ್ತಾನೆ. ಹುಡುಗ ಹಾಗೆಯೇ ಹೇಳಿ ಎರಡು ಪೊಟ್ಟಣ ತರುತ್ತಾನೆ. ಮನೆಗೆ ಇಪ್ಪತ್ತೈದು ರೂಪಾಯಿ ಲಾಭವಾಯಿತು. ಆದರೆ ಆ ಹುಡುಗನು ಅಂದು ತನ್ನ ತಂದೆಯನ್ನೇ ಅರಿಯೆನೆಂದನು, ಅದೂ ತಂದೆಯ ಅಪ್ಪಣೆಯಂತೆ. ಪಾಠಶಾಲೆಯಲ್ಲಿ ಆರ್ಜವ ಧರ್ಮದ ಅರ್ಥವನ್ನು ಎಷ್ಟು ಬಾರಿ ಬಾಯಿಪಾಠ ಮಾಡಿಸಿದರೆ ಈ ಒಂದು ಪಾಠ ಅಳಿಸಿಹೋದೀತು?

ವರ್ತಕ ಬಂಧುಗಳಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಬೆಲೆಯನ್ನು ಮೊದಲು ಏರಿಸಿ ಆಮೇಲೆ ರಿಯಾಯಿತಿಯ ಫಲಕ ಹಾಕುವುದು, ಕೊಡುವ ಉದ್ದೇಶವಿಲ್ಲದ ಬಹುಮಾನವನ್ನು ಸಾರುವುದು ಇವುಗಳನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಎಣಿಸಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ, ಎಂದರೆ ಕಳ್ಳ ಅಳತೆ ತೂಕಗಳನ್ನೂ, ಪ್ರತಿರೂಪಕ ವ್ಯವಹಾರವನ್ನೂ ಹೇಳಿದ ಉಮಾಸ್ವಾಮಿಗಳಿಗೆ ಈ ಬಗೆಯ ಫಲಕ ಹೊಸದಾಗಿ ಕಾಣುತ್ತಿರಲಿಲ್ಲ.

ಇಲ್ಲಿ ಶಂಕೆಯೊಂದು ಏಳಬಹುದು. ಇಷ್ಟು ದೋಷಗಳಿದ್ದರೆ ಶ್ರಾವಕನು ಚೀಟಿಯನ್ನು ಮುಟ್ಟಲೇಬಾರದೇ?

ಸಮಾಧಾನ: ಹಾಗೆ ಹೇಳುವುದು ಶಾಸ್ತ್ರಸಮ್ಮತವಲ್ಲ. ಗೃಹಸ್ಥನು ಮುನಿಯಲ್ಲ, ಮಕ್ಕಳ ಊಟ, ಮದ್ದು, ಓದುಗಳ ಹೊಣೆ ಅವನ ಮೇಲಿದೆ. ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಕೂಲಿಯಿಂದ ಬಾಳುವ ಮನೆಗೆ ತಿಂಗಳಿಗೆ ನೂರು ರೂಪಾಯಿ ಸಣ್ಣ ಮೊತ್ತವಲ್ಲ. ನ್ಯಾಯವಾಗಿ ಗಳಿಸಿದ್ದನ್ನು ನ್ಯಾಯವಾಗಿ ಉಳಿಸುವುದು ಗೃಹಸ್ಥನ ಕರ್ತವ್ಯ. ಅಲ್ಲದೆ ಚೀಟಿ ಹಿಡಿದು ನಿಂತ ಬಡವಿಯನ್ನು ಕಂಡು, ತನಗೆ ಇಂಥ ಚಿಲ್ಲರೆಯ ಹಂಗಿಲ್ಲವೆಂದು ಮುಖ ತಿರುಗಿಸುವ ಸಿರಿವಂತನು ಲೋಭವನ್ನು ಗೆದ್ದವನಲ್ಲ. ಅವನನ್ನು ಹಿಡಿದಿರುವುದು ಮಾನಕಷಾಯ. ಅದು ಲೋಭಕ್ಕಿಂತ ಹಗುರವಾದ ಬಂಧನವೇನೂ ಅಲ್ಲ.

ಹಾಗಾದರೆ ಮಿತಿ ಎಲ್ಲಿ? ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಸಮಂತಭದ್ರರು ಯಾವಜ್ಜೀವದ ತ್ಯಾಗವನ್ನು ಯಮವೆಂದೂ ಕಾಲಮಿತಿಯುಳ್ಳದ್ದನ್ನು ನಿಯಮವೆಂದೂ ವಿಂಗಡಿಸಿದ್ದಾರೆ. ಒಂದು ದಿನ, ಪಕ್ಷ, ಮಾಸ, ಋತು, ಅಯನ ಹೀಗೆ ನಿಯಮದ ಅವಧಿ ಯಾವುದೂ ಆಗಬಹುದು. ಮನೆಯ ತಿಂಗಳ ಪಟ್ಟಿಯನ್ನು ಈ ಕಣ್ಣಿನಿಂದ ನೋಡಿದರೆ ಅದು ಒಂದು ಮಾಸದ ನಿಯಮವೇ. “ಈ ತಿಂಗಳು ಇಷ್ಟು ಬೇಳೆ, ಇಷ್ಟು ಬೆಲ್ಲ, ಇಷ್ಟು ಎಣ್ಣೆ ಸಾಕು” ಎಂದು ಮನೆಯವರು ಕುಳಿತು ಬರೆದಾಗ ಪರಿಮಾಣ ನಿಶ್ಚಯವಾಯಿತು. ಆದುದರಿಂದ ಪಟ್ಟಿ ಮೊದಲು, ಚೀಟಿ ಆಮೇಲೆ. ಪಟ್ಟಿಯೊಳಗಿನ ವಸ್ತುವಿಗೆ ಚೀಟಿ ದೊರೆತರೆ ಸಂತೋಷದಿಂದ ಬಳಸಬಹುದು. ಚೀಟಿಯನ್ನು ನೋಡಿ ಪಟ್ಟಿಯನ್ನು ತಿದ್ದಿದರೆ ವ್ರತದ ಅಳತೆಗೋಲು ಪರರ ಕೈಗೆ ಹೋಯಿತು.

ಇದಕ್ಕೆ ಪೂರಕವಾದ ಕೆಲವು ಎಚ್ಚರಗಳಿವೆ. ದೊಡ್ಡ ಪೊಟ್ಟಣವೇ ಅಗ್ಗವೆಂದು ನಂಬದೆ ನೂರು ಗ್ರಾಮಿಗೆ ಎಷ್ಟು ಬಿತ್ತೆಂದು ಭಾಗಿಸಿ ನೋಡಬೇಕು. ಒಂದು ಚೀಟಿಗಾಗಿ ಹನೂರಿನಿಂದ ಕೊಳ್ಳೇಗಾಲಕ್ಕೆ ಸುಮಾರು 25 ಕಿಲೋಮೀಟರು ಹೋಗಿಬರುವಾಗ ಸಮಯದ ಬೆಲೆಯನ್ನೂ ಎಣಿಸಬೇಕು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೇಟಿನ ಹಣ ಉಳಿದಿರಬಹುದು, ದಿನ ಉಳಿಯುವುದಿಲ್ಲ. ಅಷ್ಟಮಿ, ಚತುರ್ದಶಿಗಳಂದು ಊರ ಗಡಿಯನ್ನು ದಾಟೆನೆಂದು ದೇಶಾವಕಾಶಿಕವನ್ನು ಹಿಡಿದವರಿಗೆ ಈ ಅಲೆದಾಟ ತಾನಾಗಿಯೇ ತಪ್ಪುತ್ತದೆ. ಕೂಲಿ ಕೈಗೆ ಬಾರದ ತಿಂಗಳಲ್ಲಿ ಸಾಲವಾಗಿ ಅಕ್ಕಿ ಕೊಟ್ಟು, ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಮೌನವಾಗಿದ್ದ ಬೀದಿಯ ಅಂಗಡಿಯವನನ್ನು ಹತ್ತು ರೂಪಾಯಿಯ ಚೀಟಿಗಾಗಿ ಮರೆಯುವುದೂ ಉಚಿತವಲ್ಲ.

ಕೊನೆಯದಾಗಿ, ಉಳಿದ ಹಣ ಎಲ್ಲಿಗೆ ಹೋಯಿತೆಂದು ಕೇಳಬೇಕು. ಚೀಟಿಯಿಂದ ಉಳಿದ ಅರುವತ್ತು ರೂಪಾಯಿ ಅಂದೇ ಬೇರೊಂದು ಬಯಕೆಗೆ ಕರಗಿದರೆ ಲೋಭವು ವೇಷ ಬದಲಿಸಿತೆಂದೇ ಅರ್ಥ. ಅದನ್ನು ಬೇರೆಯ ಡಬ್ಬಿಯಲ್ಲಿ ಹಾಕಿಡುವ ಮನೆಯಲ್ಲಿ ಅದು ಪರ್ವದ ದಿನಕ್ಕೆ ಆಹಾರದಾನಕ್ಕೋ, ಕಾಯಿಲೆಯ ನೆರೆಯವನ ಔಷಧಕ್ಕೋ, ಒಂದು ಮಗುವಿನ ಪುಸ್ತಕಕ್ಕೋ ಸಲ್ಲುತ್ತದೆ. ಮನೆಯೇ ಬಡತನದಲ್ಲಿದ್ದರೆ ಸಾಲದ ಒಂದು ಕಂತಿಗೆ ಸಲ್ಲುತ್ತದೆ. ಆಗ ಅಂಗಡಿಯವನು ತನ್ನ ಲಾಭಕ್ಕೆಂದು ಅಚ್ಚು ಹಾಕಿಸಿದ ಕಾಗದದ ತುಂಡು ಶ್ರಾವಕನ ಕೈಯಲ್ಲಿ ಧರ್ಮಸಾಧನವಾಗುತ್ತದೆ.

ಬರುವ ಉತ್ತಮ ಶೌಚದ ದಿನ ಪ್ರತಿ ಮನೆಯವರೂ ಅಡುಗೆಮನೆಯ ಡಬ್ಬಿಗಳನ್ನು ಒಮ್ಮೆ ತೆರೆದು ನೋಡಲಿ. ಯಾವುದು ಮನೆಯ ಅಗತ್ಯದಿಂದ ಬಂತು, ಯಾವುದು ಚೀಟಿಯ ಮಾತಿನಿಂದ ಬಂತು ಎಂಬುದು ಆಗಲೇ ತಿಳಿಯುತ್ತದೆ. ಮೊದಲನೆಯದರ ಪಕ್ಕದಲ್ಲಿ ಎರಡನೆಯದು ಎಷ್ಟಿದೆಯೋ ಅಷ್ಟೇ ವ್ರತಕ್ಕೆ ಇನ್ನೂ ಕೆಲಸ ಉಳಿದಿದೆ.