ಲೆಕ್ಕಕ್ಕೆ ಸಿಕ್ಕದ ದುಡಿಮೆ



ನಿರುದ್ಯೋಗಿ ಎಂದರೆ ಕೆಲಸವಿಲ್ಲದವನು ಎಂದು ನಾವು ತಿಳಿದಿದ್ದೇವೆ. ಅರ್ಥಶಾಸ್ತ್ರಜ್ಞರ ಎಣಿಕೆ ಬೇರೆ. ಕೆಲಸವಿಲ್ಲದೆ ಅದನ್ನು ಅರಸುತ್ತಿರುವವನು ಅಥವಾ ದೊರೆತರೆ ಮಾಡಲು ಸಿದ್ಧನಿರುವವನು ಮಾತ್ರ ಅವರ ಪಾಲಿಗೆ ನಿರುದ್ಯೋಗಿ. ಇಂಥವರೂ ಉದ್ಯೋಗಸ್ಥರೂ ಕೂಡಿ 'ಶ್ರಮಶಕ್ತಿ' ಎನಿಸುತ್ತಾರೆ. ಮಿಕ್ಕವರು ಅದರ ಹೊರಗೆ. ಆದುದರಿಂದ ಅಲೆದು ಬೇಸತ್ತ ತರುಣನು ಕೆಲಸದ ಆಸೆಯನ್ನೇ ತೊರೆದನೆಂದರೆ ನಿರುದ್ಯೋಗದ ಪ್ರಮಾಣ ಇಳಿಯುತ್ತದೆ! ಪದವಿ ಪಡೆದು, ದುಡಿಯುವ ಮನಸ್ಸಿದ್ದೂ, ಮನೆವಾರ್ತೆಯ ಭಾರದಿಂದ ಹೊಸ್ತಿಲು ದಾಟಲಾರದ ಸೊಸೆಯಂತೂ ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ.

ಕೇಂದ್ರ ಸರಕಾರದ ಸಮೀಕ್ಷೆಯಂತೆ, 15 ವರ್ಷ ಹಾಗೂ ಅದಕ್ಕೆ ಮೇಲ್ಪಟ್ಟ ಸ್ತ್ರೀಯರಲ್ಲಿ 2017-18ರಲ್ಲಿ ಶೇಕಡ 23.3ರಷ್ಟು ಮಂದಿ ಶ್ರಮಶಕ್ತಿಯಲ್ಲಿದ್ದರು. 2023-24ರಲ್ಲಿ ಅದು 41.7ಕ್ಕೆ ಏರಿತು. ಏರಿಕೆ ಸಂತೋಷದ್ದೇ, ಆದರೆ ಹೀಗೆ ಸೇರಿದವರಲ್ಲಿ ಸಂಬಳವಿಲ್ಲದೆ ಮನೆಯ ಹೊಲ, ಅಂಗಡಿಗಳಲ್ಲಿ ನೆರವಾಗುವವರು ಅನೇಕರು. ಅಡುಗೆ, ಶಿಶುಪಾಲನೆ, ಮನೆಬಳಕೆಗೆ ಸೌದೆ ಆಯುವುದು, ಇವಿಷ್ಟನ್ನೇ ಮಾಡುವವರು ಇಂದಿಗೂ ಹೊರಗಿನವರೇ. ಗಣತಿದಾರನು ಬಾಗಿಲಿಗೆ ಬಂದು ಕೇಳಿದಾಗ "ಏನೂ ಮಾಡುವುದಿಲ್ಲ, ಮನೆಯಲ್ಲೇ ಇರುತ್ತಾರೆ" ಎಂದು ಉತ್ತರಿಸುವವರು ಯಾರು? ನಾವೇ ಅಲ್ಲವೆ?

ಇದು ನಮ್ಮ ದೇಶದ ದೋಷ ಮಾತ್ರವಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ಅಮೆರಿಕದ ಇನ್ನೂರು ವರ್ಷಗಳ ದಾಖಲೆಗಳನ್ನು ಶೋಧಿಸಿದರು. ಹೊಲದಲ್ಲಿಯೂ ಮನೆಯ ಕಸುಬಿನಲ್ಲಿಯೂ ಗಂಡನೊಡನೆ ದುಡಿದವಳ ವೃತ್ತಿಯನ್ನು ಹಳೆಯ ದಾಖಲೆಗಳು ಅನೇಕ ವೇಳೆ 'ಹೆಂಡತಿ' ಎಂದಷ್ಟೇ ಬರೆದಿದ್ದವು.

ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಮರಳಿ ಕಳುಹಿಸಿದ ತಾಯಿ ಆಕೆ. ಆ ಮನೆಯ ಕಾಯಕದ ಶುದ್ಧಿಯನ್ನು ಕಾದವಳು ಅವಳು. ಇಂದಿನ ನಮೂನೆಯಲ್ಲಿ ಅವಳನ್ನು ಯಾವ ಕಲಮಿಗೆ ಸೇರಿಸುವಿರಿ?

"ಗೃಹಕೃತ್ಯವೂ ಕಾಯಕವೇ, ಅದಕ್ಕೆ ಲೆಕ್ಕವೇಕೆ?" ಎಂದು ಕೆಲವರು ಕೇಳುತ್ತಾರೆ. ಮಾತು ಮಧುರವಾಗಿದೆ, ಆಡುವವರು ಮಾತ್ರ ಸಾಮಾನ್ಯವಾಗಿ ಗಂಡಸರು. 2019ರ ಕಾಲವಿನಿಯೋಗ ಸಮೀಕ್ಷೆಯಲ್ಲಿ, ಒಂದು ದಿನದಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದವರು ಸ್ತ್ರೀಯರಲ್ಲಿ ಶೇಕಡ 81ರಷ್ಟು, ಪುರುಷರಲ್ಲಿ ಶೇಕಡ 26ರಷ್ಟು. ಕೈಹಾಕಿದವರಲ್ಲಿಯೂ ಸ್ತ್ರೀಯರು ಸರಾಸರಿ 299 ನಿಮಿಷ ದುಡಿದರೆ ಪುರುಷರು 97 ನಿಮಿಷ. ಅದು ಕಾಯಕವೇ ಆಗಿದ್ದಲ್ಲಿ, ಅಷ್ಟೊಂದು ಪುಣ್ಯವನ್ನು ನಾವು ಬಿಟ್ಟುಕೊಟ್ಟುದೇಕೆ? ತಾನು ಮಾಡಲೊಲ್ಲದುದನ್ನು ಇನ್ನೊಬ್ಬರ ತಲೆಗೆ ಹೊರಿಸಿ, ಬಳಿಕ ಅದಕ್ಕೆ ಪವಿತ್ರವಾದ ಹೆಸರಿಡುವುದು ಕಾಯಕತತ್ತ್ವಕ್ಕೆ ಸಲ್ಲುವ ಗೌರವವಲ್ಲ.

ಮಠದ ಉಚಿತ ಪ್ರಸಾದನಿಲಯದಲ್ಲಿ ಓದಿದವರಿಗೆ ಇನ್ನೊಂದು ಮಾತು. ಸರದಿಯಂತೆ ಕಾಯಿಪಲ್ಯ ಹೆಚ್ಚಿದಿರಿ, ಸಾರಿನ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬಡಿಸಿದಿರಿ, ಉಂಡ ತಟ್ಟೆಯನ್ನು ನೀವೇ ತೊಳೆದಿಟ್ಟಿರಿ. ಜಾತ್ರೆಯ ದಾಸೋಹದಲ್ಲಿ ಸೌಟು ಹಿಡಿಯಲು ಈಗಲೂ ಮುಂದಾಗುತ್ತೀರಿ. ಅದನ್ನು ಯಾರೂ ಹೆಂಗಸರ ಕೆಲಸವೆನ್ನುವುದಿಲ್ಲ. ಜಾತ್ರೆ ಮುಗಿಸಿ ಮನೆಗೆ ಬಂದ ರಾತ್ರಿ, ನಿಮ್ಮ ತಟ್ಟೆಯನ್ನು ತೊಳೆಯುವವರು ಯಾರು?