ಕತ್ತಿ ಹಿಡಿಯದವನ ರಕ್ತಾಪರಾಧ

ಹಳ್ಳಿಯಿಂದ ಬೆಂಗಳೂರಿಗೆ ಬಂದವರು ಬಸವನಗುಡಿಯ ಗಾಂಧಿಬಜಾರಿನಲ್ಲಿ ನಡೆಯುವಾಗ, ಒಡವೆಯಂಗಡಿಯ ಗಾಜಿನೊಳಗೆ ಹೊಳೆಯುವ ವಜ್ರದ ಮೂಗುಬೊಟ್ಟನ್ನು ನೋಡಿ ಒಂದು ಗಳಿಗೆ ನಿಲ್ಲುವದುಂಟು. ಅಂಥ ಕಲ್ಲುಗಳ ನಿಮಿತ್ತ ಒಂದು ದೇಶದಲ್ಲಿ ಬಹಳ ರಕ್ತವು ಸುರಿಯಿತೆಂಬದನ್ನು ಪ್ರಿಯ ವಾಚಕರಲ್ಲಿ ಅನೇಕರು ಕೇಳಿರಲಿಕ್ಕಿಲ್ಲ. ಅದರಿಂದ ಹುಟ್ಟುವ ಒಂದು ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸುವೆವು: ತನ್ನ ಕೈಯಿಂದ ಕೊಲ್ಲದವನು ಕೊಲೆಯ ದೋಷಕ್ಕೆ ಒಳಗಾಗುವನೋ?

ಆಫ್ರಿಕದ ಪಶ್ಚಿಮ ಕರಾವಳಿಯ ಲೈಬೀರಿಯ ದೇಶದಲ್ಲಿ ಚಾರ್ಲ್ಸ್ ಟೇಲರ್ ಎಂಬವನು ೧೯೮೯ರ ಡಿಸೆಂಬರಿನಲ್ಲಿ ದಂಗೆಯೆಬ್ಬಿಸಿ, ಬಹು ವರ್ಷಗಳ ಯುದ್ಧದ ತರುವಾಯ ೧೯೯೭ರಲ್ಲಿ ಚುನಾವಣೆಯಿಂದ ಅಧ್ಯಕ್ಷನಾದನು. ಇವನು ಸೋತರೆ ಯುದ್ಧವು ಪುನಃ ಹುಟ್ಟೀತೆಂಬ ಭಯದಿಂದ ಮತ ಕೊಟ್ಟವರು ಅನೇಕರು. ನೆರೆಯ ಸಿಯೆರಾ ಲಿಯೋನಿನಲ್ಲಿ ೧೯೯೧ರಿಂದ ೨೦೦೨ರ ವರೆಗೆ ನಡೆದ ಯುದ್ಧದಲ್ಲಿ ದಂಗೆಕೋರರು ಹಳ್ಳಿಗಳನ್ನು ಸುಟ್ಟರು, ನಿರಪರಾಧಿಗಳ ಕೈಗಳನ್ನು ಕಡಿದರು, ಎಳೆಯ ಮಕ್ಕಳಿಗೆ ಬಂದೂಕುಗಳನ್ನು ಕೊಟ್ಟರು. ೨೦೦೦ದಲ್ಲಿ ಶಾಂತಿ ಕಾಯಲಿಕ್ಕೆ ಹೋದ ನಮ್ಮ ಭಾರತದ ಸೈನಿಕರನ್ನೂ ಕೈಲಾಹುನ್ ಎಂಬ ಊರಿನಲ್ಲಿ ಎರಡು ತಿಂಗಳಿಗೆ ಮಿಕ್ಕಿ ಮುತ್ತಿದ್ದರು. ಟೇಲರನು ಈ ದಂಗೆಕೋರರಿಗೆ ಆಯುಧಗಳನ್ನು ಒದಗಿಸಿ, ಅವರಿಂದ ವಜ್ರಗಳನ್ನು ತೆಗೆದುಕೊಂಡನು.

೨೦೦೩ರಲ್ಲಿ ಅವನು ಅಧಿಕಾರವನ್ನು ಬಿಟ್ಟು ನೈಜೀರಿಯಕ್ಕೆ ಹೋದನು, ೨೦೦೬ರಲ್ಲಿ ಹಿಡಿಯಲ್ಪಟ್ಟನು. ೨೦೧೨ರ ಏಪ್ರಿಲ್ ೨೬ರಂದು ಸಿಯೆರಾ ಲಿಯೋನಿನ ವಿಶೇಷ ನ್ಯಾಯಾಲಯವು ಹೇಗ್ ನಗರದ ಸಮೀಪದಲ್ಲಿ ಕೂತು, ಅವನ ಮೇಲಿನ ೧೧ ಆರೋಪಗಳಲ್ಲಿಯೂ ಅವನನ್ನು ದೋಷಿಯೆಂದು ತೀರ್ಮಾನಿಸಿತು. ೫೦ ವರ್ಷಗಳ ಸೆರೆವಾಸವನ್ನು ವಿಧಿಸಿತು. ೨೦೧೩ರಲ್ಲಿ ಮೇಲ್ಮನವಿಯಲ್ಲಿಯೂ ತೀರ್ಪು ನಿಂತಿತು.

ಇದರಲ್ಲಿ ನಾವು ಲಕ್ಷಿಸತಕ್ಕ ಮಾತೊಂದುಂಟು. ದಂಗೆಕೋರರು ಟೇಲರನ ಹತೋಟಿಯಲ್ಲಿದ್ದರೆಂಬದು ಸಿದ್ಧವಾಗಲಿಲ್ಲವೆಂದು ನ್ಯಾಯಾಧಿಪತಿಗಳೇ ಹೇಳಿದರು. ಆದರೂ ಅವರು ಮಾಡುವದನ್ನು ಅವನು ಬಲ್ಲವನಾಗಿ ಸಹಾಯ ಮಾಡಿದನು, ಕೆಲವು ದಾಳಿಗಳ ಆಲೋಚನೆಯಲ್ಲಿಯೂ ಸೇರಿದನು. ಆದದರಿಂದಲೇ ದೋಷಿಯಾದನು.

ಹಾಗಾದರೆ ಕತ್ತಿ ಮಾಡಿಕೊಟ್ಟ ಕಮ್ಮಾರನೂ ದೋಷಿಯೋ ಎಂದು ಯಾರಾದರೂ ಕೇಳಬಹುದು. ಅಲ್ಲ. ಬೆಳೆ ಕೊಯ್ಯಲಿಕ್ಕೆಂದು ನಂಬಿ ಕೊಟ್ಟವನಲ್ಲಿ ದೋಷವಿಲ್ಲ. ಆದರೆ ನೆರೆಮನೆಯ ಕೂಗನ್ನು ಕೇಳಿದ ಮೇಲೆ ಎರಡನೆಯ ಕತ್ತಿಯನ್ನು ಕಳುಹಿಸಿದವನು ಏನೆಂದು ಉತ್ತರ ಕೊಡುವನು? ದಾವೀದನು ಊರೀಯನ ಮೇಲೆ ಕೈಯೆತ್ತಲಿಲ್ಲ. ಒಂದು ಪತ್ರವನ್ನು ಬರೆದನು ಅಷ್ಟೇ. ಆದರೂ ಪ್ರವಾದಿಯಾದ ನಾತಾನನು ಆ ಕೊಲೆಯನ್ನು ಅರಸನ ಮೇಲೆಯೇ ಹೊರಿಸಿದನು. ಭಯದಿಂದ ಮತ ಕೊಟ್ಟ ಬಡವನನ್ನೂ ಲಾಭಕ್ಕಾಗಿ ಆಯುಧ ಕೊಟ್ಟ ಅಧಿಕಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ನ್ಯಾಯವಲ್ಲ. ತಿಳುವಳಿಕೆಯೂ ಸ್ವಾತಂತ್ರ್ಯವೂ ಎಷ್ಟೋ, ದೋಷವೂ ಅಷ್ಟೇ.

ಟೇಲರನ ಕಥೆಯು ದೂರದ್ದೆಂದು ನಾವು ಸಮಾಧಾನಪಟ್ಟುಕೊಳ್ಳುವದು ಬೇಡ. ಊರಿನ ಜಗಳಕ್ಕೆ ಹೊರಟ ಹುಡುಗರಿಗೆ ಹೆಂಡ ಕುಡಿಸುವವನೂ, ಸುಳ್ಳು ವ್ಯಾಜ್ಯವೆಂದು ಬಲ್ಲವನಾಗಿ ಅದಕ್ಕೆ ಹಣ ಕೊಡುವವನೂ, ನನ್ನ ಕೈ ಶುದ್ಧವೆಂದೇ ಹೇಳುತ್ತಾರೆ. ನಾವು ಕೊಟ್ಟದ್ದು ಯಾರ ಕೈಗೆ ಸೇರಿತು, ಅವನು ಅದರಿಂದ ಏನು ಮಾಡುವನೆಂದು ನಾವು ಬಲ್ಲೆವು? ಈ ಎರಡನ್ನು ಕೇಳಿಕೊಂಡ ಮೇಲೆಯೇ ನಮ್ಮ ಕೈ ಶುದ್ಧವೆಂದು ಹೇಳೋಣ.